ಲೆಕ್ಕ ಎಂಬ ಮಾತು

ಲೆಕ್ಕ ಎನ್ನುವುದು ‘ಲೇಖ್ಯ’ದಿಂದ ಬಂದ ಮಾತು, ಬರೆದಿಟ್ಟದ್ದು ಎಂದು ಅದರ ಮೂಲ ಅರ್ಥ. ನಮ್ಮ ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಹಾಲಿನವಳಿಗೆ ಕೊಡಬೇಕಾದದ್ದು, ಅಂಗಡಿಯ ಉದ್ರಿ ಎಲ್ಲವನ್ನೂ ಅಡುಗೆಮನೆಯ ಗೋಡೆಗೆ ಇದ್ದಿಲಿನಿಂದ ಗೀಟೆಳೆದು ಇಡುತ್ತಿದ್ದಳು. ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ತಿಂಗಳ ಕೊನೆಗೆ ಹಾಲಿನವಳೂ ಆಯಿಯೂ ಆ ಗೋಡೆಯ ಮುಂದೆ ಕೂತು ಬೆರಳಿಟ್ಟು ಎಣಿಸುತ್ತಿದ್ದರು.

*

ಎಣಿಸಲು ಬೆರಳಿನ ಗೆಣ್ಣು ಸಾಕು. ಲೆಕ್ಕ ಇಡಲು ಇನ್ನೊಬ್ಬರು ಬೇಕು. ಇವತ್ತು ಇಟ್ಟದ್ದನ್ನು ನಾಳೆ ಬಂದು ಕೇಳುವವರಿದ್ದಾರೆ ಎಂದೇ ಮನುಷ್ಯ ಗೀಟೆಳೆಯುತ್ತಾನೆ.

*

ಮನೆಗೆ ಹೊಸದಾಗಿ ಬಂದ ಆಳುಮಗನಿಗೆ ಆಳಂದದ ಕಡೆಯ ಹಿರಿಯಳೊಬ್ಬಳು ಹೇಳಿದ್ದನ್ನು ಕೇಳಿದ್ದೇನೆ: ‘ನೀ ನಮಗ ಮಗನ ಲೆಕ್ಕ ಅದಿಯಪ್ಪಾ.’ ಇಲ್ಲಿ ಲೆಕ್ಕ ಎಂದರೆ ಸ್ಥಾನ. ಹೆತ್ತ ಮಕ್ಕಳ ಸಾಲಿನಲ್ಲಿ ಅವನಿಗೂ ಒಂದು ಜಾಗ, ಒಂದು ತಾಟು. ಅದೇ ಬಾಯಿ ಮುನಿದಾಗ ‘ಅಂವ ನಮ್ಮ ಲೆಕ್ಕದಾಗಿಲ್ಲ’ ಎನ್ನುತ್ತದೆ. ಒಳಗೆ ಕರೆಯುವುದಕ್ಕೂ ಹೊರಗೆ ನಿಲ್ಲಿಸುವುದಕ್ಕೂ ನಮ್ಮಲ್ಲಿರುವುದು ಒಂದೇ ಮಾತು.

*

‘ಒಂದು ಲೆಕ್ಕಕ್ಕ ಚಲೋನೇ ಆತು’ ಎನ್ನುವವರು ಇನ್ನೊಂದು ಲೆಕ್ಕಕ್ಕೆ ಆದ ಕೆಟ್ಟದ್ದನ್ನು ನುಂಗಿಕೊಂಡಿರುತ್ತಾರೆ. ಆ ಮಾತು ಕೇಳಿದಾಗ ಸ್ವಲ್ಪ ಹೊತ್ತು ಅವರ ಹತ್ತಿರ ಕೂಡಬೇಕು.

*

ಕಣದಲ್ಲಿ ಕಾಳು ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಸಾಗುತ್ತದೆ ಎಣಿಕೆ. ಮಳೆ ಕೈಕೊಟ್ಟ ವರ್ಷ, ತೊಗರಿಗೆ ನೆಟೆ ರೋಗ ಬಿದ್ದ ವರ್ಷ, ಬೀಜ ಗೊಬ್ಬರದ ಖರ್ಚೂ ಹುಟ್ಟದ ವರ್ಷ ಕೂಡ ಮೊದಲ ಸೇರಿಗೆ ಲಾಭವೆಂದೇ ಹೆಸರು. ಎಷ್ಟು ಹೋಯಿತೆಂದು ಅಲ್ಲಿ ನಿಂತ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನೆಲದ ಮುಂದೆ ಆ ಮಾತು ಎತ್ತುವುದಿಲ್ಲ. ಲಾಭ ಎಂಬುದಕ್ಕೆ ಮಿಗತೆ ಎನ್ನುವ ಅರ್ಥ ಅಂಗಡಿಯವರು ಕೊಟ್ಟದ್ದು. ಕಣದಲ್ಲಿ ಅದಕ್ಕೆ ಹಳೆಯ ಅರ್ಥವೇ ಉಳಿದಿದೆ: ಲಭಿಸಿತು, ಸಿಕ್ಕಿತು.

*

ಈಗ ರಾಶಿ ಮಷಿನ್ ಬಂದು ತಾಸೊಪ್ಪತ್ತಿನಲ್ಲಿ ಹೊಲದ ತೊಗರಿಯನ್ನು ಚೀಲಕ್ಕೆ ಇಳಿಸುತ್ತದೆ. ಅಳೆಯುವ ಸೇರು ಅಟ್ಟ ಸೇರಿದೆ. ಆದರೆ ಹೋದ ಸುಗ್ಗಿಯಲ್ಲಿ ಚೀಲ ಎಣಿಸುತ್ತಿದ್ದ ಹುಡುಗ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವನು, ‘ಲಾಭ’ ಎಂದೇ ಶುರು ಮಾಡಿದ. ಯಾರು ಹೇಳಿಕೊಟ್ಟರು ಎಂದು ಕೇಳಿದೆ. ‘ಹಂಗೇ ಅಲ್ಲೇನ್ರಿ ಎಣಸೂದು?’ ಎಂದು ನನ್ನನ್ನೇ ನೋಡಿದ.

*

ರಾಶಿ ಎಂದರೆ ಒಕ್ಕಲಿಗನಿಗೆ ಕಾಳಿನ ಗುಡ್ಡೆ, ಗಣಿತದವನಿಗೆ ಸಂಖ್ಯೆ, ಜ್ಯೋತಿಷಿಗೆ ಆಕಾಶದ ಹನ್ನೆರಡು ಮನೆ. ಗೊತ್ತಿರುವ ಮೂರರಿಂದ ಗೊತ್ತಿಲ್ಲದ ನಾಲ್ಕನೆಯದನ್ನು ತೆಗೆಯುವ ಲೆಕ್ಕಕ್ಕೆ ತ್ರೈರಾಶಿಕ ಎಂದು ಹೆಸರಿಟ್ಟವರು ಯಾವುದೋ ಕಣದ ಬದಿಯಲ್ಲಿ ನಿಂತಿದ್ದಿರಬೇಕು ಎಂದೇ ನನಗೆ ಅನ್ನಿಸುತ್ತದೆ.

*

ಜೇವರ್ಗಿ ತಾಲೂಕಿನ ಅರಳಗುಂಡಗಿ ಶರಣಬಸವೇಶ್ವರರ ಹುಟ್ಟೂರು. ಹೊಲದ ತೆನೆಗೆ ಬಂದ ಹಕ್ಕಿಗಳನ್ನು ಅವರು ಓಡಿಸಲಿಲ್ಲವಂತೆ, ಬದಲಿಗೆ ನೀರಿಟ್ಟರಂತೆ. ಆದರೂ ಸುಗ್ಗಿಯಲ್ಲಿ ರಾಶಿ ಕಡಿಮೆಯಾಗಲಿಲ್ಲವಂತೆ. ಈ ಕಥೆಯನ್ನು ನಮ್ಮ ಕಡೆ ಮಕ್ಕಳಿಗೆ ಪವಾಡವೆಂದು ಹೇಳುತ್ತಾರೆ. ನನಗೆ ಅದರಲ್ಲಿ ದೊಡ್ಡದು ರಾಶಿ ಉಳಿದದ್ದಲ್ಲ. ಹಕ್ಕಿ ತಿಂದದ್ದನ್ನು ಒಬ್ಬ ಒಕ್ಕಲಿಗ ನಷ್ಟದ ಖಾತೆಗೆ ಬರೆಯಲಿಲ್ಲ ಎನ್ನುವುದು ದೊಡ್ಡದು.

*

ಅವರು ಕಲಬುರಗಿಯಲ್ಲಿ ಹಚ್ಚಿದ ದಾಸೋಹದ ಒಲೆ ಇನ್ನೂ ಉರಿಯುತ್ತಿದೆ. ದಾಸೋಹದಲ್ಲಿ ಅಕ್ಕಿ ಬೇಳೆಗೆ ಲೆಕ್ಕ ಇರುತ್ತದೆ, ಇರಲೇಬೇಕು. ಉಣ್ಣುವವರಿಗೆ ಇರುವುದಿಲ್ಲ.

*

ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ತಿರುಗಿ ಕಳಿಸಿದಳು. ಬಡವರ ಮನೆಯಲ್ಲಿ ಕಡಿಮೆಯಾದದ್ದನ್ನು ಕಂಡುಹಿಡಿಯುವುದು ಸುಲಭ; ಹೆಚ್ಚಾದದ್ದನ್ನು ಕಂಡುಹಿಡಿದವಳು ಆಕೆ.

*

ಕನ್ನಡದ ಅಂಕಿಗಳಲ್ಲಿ ಕೆಲವು ಕ್ರಿಯಾಪದಗಳೂ ಹೌದು. ದೀಪ ಆರುತ್ತದೆ. ಬಿದ್ದವ ಏಳುತ್ತಾನೆ. ಒಲೆ ಹತ್ತುತ್ತದೆ. ಒಂದರಿಂದ ಎಣಿಸುತ್ತ ಹೋದ ಮಗು ಆರಿ, ಎದ್ದು, ಹತ್ತಿಯೇ ಮೊದಲ ದಶಕ ದಾಟುತ್ತದೆ.

*

ಎಂಟು ದಿಕ್ಕಿಗೆ ಹಳಗನ್ನಡದಲ್ಲಿ ‘ಎಣ್ದೆಸೆ’. ಆ ‘ಎಣ್’ ತಮಿಳಿನಲ್ಲಿ ಇಂದಿಗೂ ಅಂಕಿ ಎಂದೂ ಹೌದು, ಯೋಚನೆ ಎಂದೂ ಹೌದು. ನಮ್ಮ ಕರಾವಳಿಯವರು ‘ಹಾಗೆ ಎಣಿಸಿದೆ’ ಎಂದರೆ ಹಾಗೆ ಅಂದುಕೊಂಡೆ ಎಂದು ಅರ್ಥ. ಭೀಮೆಯ ದಂಡೆಯ ನಾವು ಎಣಿಸುವುದನ್ನು ರೊಕ್ಕಕ್ಕೆ ಬಿಟ್ಟುಕೊಟ್ಟೆವು. ಮನಸ್ಸಿನ ಕೆಲಸಕ್ಕೆ ‘ವಿಚಾರ ಮಾಡು’ ಎಂಬ ಬೇರೆ ಮಾತು ತಂದುಕೊಂಡೆವು. ಎಣಿಕೆಯೂ ಯೋಚನೆಯೂ ಪಾಲಾಗಿ ಬೇರೆ ಮನೆ ಮಾಡಿದ ಅಣ್ಣತಮ್ಮಂದಿರಂತೆ ಇವೆ. ಬಾವಿ ಇನ್ನೂ ಒಂದೇ.

*

ಮುತ್ಯಾ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ನಾಲ್ಕು ಇಯತ್ತೆ ಕಲಿತವರು. ನೋಟನ್ನು ಏಕ್, ದೋ, ತೀನ್ ಎಂದು ಎಣಿಸುತ್ತಿದ್ದರು. ಕುರಿಗಳನ್ನು, ಮಳೆ ನಕ್ಷತ್ರಗಳನ್ನು, ಮೊಮ್ಮಕ್ಕಳನ್ನು ಕನ್ನಡದಲ್ಲಿ.

*

ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದವರ ಜೇಬಿನಲ್ಲಿ ಆಗ ಎರಡು ರೂಪಾಯಿ ಇರುತ್ತಿದ್ದವು. ನಿಜಾಮರದು ಹಾಲಿ, ಇಂಗ್ಲಿಷರದು ಕಲ್ದಾರ. ಏಳು ಹಾಲಿಗೆ ಆರು ಕಲ್ದಾರ. ಆಳಂದದಿಂದ ಅಕ್ಕಲಕೋಟೆಯ ಕಡೆ ಹೊರಟರೆ ಒಂದು ಹಗಲಿನ ದಾರಿಯಲ್ಲಿ ಬೆವರಿನ ಬೆಲೆ ಬದಲಾಗುತ್ತಿತ್ತು. ವರ್ಷವೂ ಬದಲಾಗುತ್ತಿತ್ತು: ಹೈದರಾಬಾದು ಸಂಸ್ಥಾನ ಭಾರತ ಸೇರಿದ 1948ರ ಸೆಪ್ಟೆಂಬರು ನಮ್ಮ ಕಂದಾಯದ ಕಾಗದದಲ್ಲಿ ಫಸಲಿ 1357. ಒಕ್ಕಲಿಗನ ಬಾಯಲ್ಲಿ ಎರಡೂ ಇಲ್ಲ. ‘ರಜಾಕಾರರ ಗದ್ದಲದ ವರ್ಷ’ ಎಂದಷ್ಟೇ. ನಮ್ಮ ಹಳ್ಳಿಗಳಲ್ಲಿ ವರ್ಷಗಳಿಗೆ ಅಂಕಿ ಇರಲಿಲ್ಲ, ನೋವಿನ ಗುರುತು ಇತ್ತು.

*

ಗಡಿಯ ನಮ್ಮ ಕನ್ನಡದಲ್ಲಿ ಇಡಿಯಾದ ಅಂಕಿಗಳೆಲ್ಲ ಕನ್ನಡದವು. ಚೂರುಗಳು ಮರಾಠಿ, ಉರ್ದುವಿನಿಂದ ಬಂದವು: ಪಾವು, ಸವ್ವಾ, ದೀಡ, ಅಡೀಚ, ಪಾವಣೆ. ಚೂರುಗಳಿಗೆ ಇಷ್ಟೊಂದು ಹೆಸರು ಬೇಕಾಗುವುದು ಚೂರನ್ನೇ ಕೊಳ್ಳುವವರಿಗೆ. ಪಾವು ಕಿಲೋ ಸಕ್ಕರೆ, ಅರ್ಧ ಪಾವು ಎಣ್ಣೆ ಎಂದು ಕೇಳುವ ಮಗುವಿಗೆ ಭಿನ್ನರಾಶಿ ಶಾಲೆಗಿಂತ ಮೊದಲೇ ಗೊತ್ತಿರುತ್ತದೆ. ಶಾಲೆಯಲ್ಲಿ ಅದೇ ಮಗು ಮುಕ್ಕಾಲಿನ ಲೆಕ್ಕಕ್ಕೆ ತಡವರಿಸಿದರೆ ತಪ್ಪು ಮಗುವಿನದೆಂದು ನಾನು ಒಪ್ಪುವುದಿಲ್ಲ. ಅಂಗಡಿಯ ಪಾವನ್ನೂ ಹಲಗೆಯ ಮೇಲಿನ ನಾಲ್ಕನೇ ಒಂದನ್ನೂ ಒಂದೇ ಎಂದು ಅದಕ್ಕೆ ಯಾರಾದರೂ ತೋರಿಸಬೇಕಿತ್ತು.

*

‘ಪಾವಣೆ ಎರಡು’ ಎಂದರೆ ಒಂದೂ ಮುಕ್ಕಾಲು. ಇದ್ದದ್ದನ್ನು ಹೇಳದೆ, ಎರಡಾಗಲು ಕಾಲು ಕಡಿಮೆ ಎಂದು ಹೇಳುವ ಮಾತು. ಊರು ಬಿಟ್ಟು ದುಡಿಯಲು ಹೋದವರ ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿ ನೋಡಿ. ‘ಐದು. ಒಬ್ಬಾಂವ ಪುಣೇಕ ಅದಾನ.’

*

ಜೇವರ್ಗಿಯ ಷಣ್ಮುಖಸ್ವಾಮಿ 17ನೇ ಶತಮಾನದ ವಚನಕಾರರು. ಹೆಸರಿನಲ್ಲಿ ಆರು ಮುಖ, ಹತ್ತಿದ್ದು ಆರು ಸ್ಥಲ. ಆದರೆ ಅವರ ವಚನಗಳ ಅಂಕಿತ ‘ಅಖಂಡೇಶ್ವರ’. ಪಾವು, ಅರ್ಧ, ದೀಡ ಎಂದು ಒಡೆಯಲು ಬಾರದ್ದು. ದಿನವಿಡೀ ಚೂರುಗಳನ್ನು ಎಣಿಸಿ ಬಂದವರಿಗೆ ಸಂಜೆ ಕೂಗಲು ಅಂಥದೊಂದು ಹೆಸರು ಬೇಕಿತ್ತು.

*

ಕಡಕೋಳ ಮಡಿವಾಳಪ್ಪನವರ ಹಾದಿಯ ತತ್ವಪದಗಳಲ್ಲಿ ಅಂಕಿಯೇ ಮಾತು. ಮೂರು ಎಂದರೆ ಗುಣ, ಐದು ಎಂದರೆ ಭೂತ, ಆರು ವೈರಿಗಳು, ಎಂಟು ಮದ, ಒಂಬತ್ತು ಬಾಗಿಲ ಮನೆ ಈ ದೇಹ. ಕೂಲಿಯಿಂದ ಬಂದವರು ಏಕತಾರಿ ಹಿಡಿದು ಕೂತು ರಾತ್ರಿಯೆಲ್ಲ ಈ ಅಂಕಿಗಳನ್ನು ಹಾಡಿ ಬಿಡಿಸುತ್ತಾರೆ. ಲೆಕ್ಕ ಬಿಡಿಸುವುದು ಎಂಬ ಮಾತಿಗೆ ಬಿಡುಗಡೆಯ ಅರ್ಥವನ್ನು ಕೊಟ್ಟವರು ಶಾಲೆ ಕಲಿಯದ ಈ ಜನ.

*

ಗಾಣಗಾಪುರದಲ್ಲಿ ಭೀಮೆ 1, ಅಮರ್ಜೆ 1, ಸಂಗಮ 1. ಕೂಡಿಸಿದರೆ ಎರಡಾಗದ ಲೆಕ್ಕ ಅಲ್ಲಿ ಹಗಲೂ ರಾತ್ರಿ ಹರಿಯುತ್ತದೆ.

*

ಅಲ್ಲಿ ಮಧುಕರಿ ಬೇಡುವವರು ಐದು ಮನೆಗಾದರೂ ಹೋಗಬೇಕು ಎಂಬ ನೇಮ. ಒಂದೇ ಮನೆಯಲ್ಲಿ ಹೊಟ್ಟೆತುಂಬ ಸಿಕ್ಕರೆ ಕೊಟ್ಟವರ ಮುಖ ನೆನಪಿರುತ್ತದೆ. ಐದು ಮನೆಯ ತುತ್ತು ಜೋಳಿಗೆಯಲ್ಲಿ ಕಲೆತರೆ ಯಾವುದು ಯಾರದೆಂದು ಉಣ್ಣುವವನಿಗೂ ತಿಳಿಯದು.

*

ಗಾಣಗಾಪುರದ ಮಾಲೆಗೆ 108 ಮಣಿ. ಆಳಂದದ ಲಾಡ್ಲೆ ಮಶಾಯಕರ ದರ್ಗಾದಲ್ಲಿ ಕೂತ ಮುದುಕರ ತಸಬಿಗೆ 99. ಎಣಿಕೆಯನ್ನು ಬೆರಳಿಗೆ ವಹಿಸಿ ಮನಸ್ಸನ್ನು ಎಣಿಕೆಯಿಂದ ಬಿಡಿಸಿಕೊಳ್ಳುವ ಉಪಾಯ ಎರಡೂ ಕಡೆ ಒಂದೇ.

*

ಕೂಡು ಎಂದರೆ ಸಂಖ್ಯೆಗೆ ಸಂಖ್ಯೆ ಸೇರಿಸು. ನಮ್ಮ ಕಡೆ ಕೂಡು ಎಂದರೆ ಕುಳಿತುಕೋ ಎಂದೂ ಹೌದು. ‘ಬರ್ರಿ, ಕೂಡ್ರಿ’ ಎಂದು ಬಂದವರನ್ನು ಮನೆಯ ಮೊತ್ತಕ್ಕೆ ಸೇರಿಸಿಕೊಳ್ಳುತ್ತೇವೆ.

*

ಕಳೆ ಎಂದರೆ ತೆಗೆ. ಹೊಲದಲ್ಲಿ ತೆಗೆಯಬೇಕಾದ ಹುಲ್ಲೂ ಕಳೆ. ಮುಖದ ಮೇಲಿನ ಬೆಳಕೂ ಕಳೆ. ದಿನವನ್ನೂ ಕಳೆಯುತ್ತೇವೆ. ಕಳೆದದ್ದೆಲ್ಲ ಎಲ್ಲಿ ಹೋಗುತ್ತದೆಂದು ಗಣಿತ ಹೇಳುವುದಿಲ್ಲ.

*

ಮೊತ್ತ ಹತ್ತು ದಾಟಿದಾಗ ‘ಕೈಯಾಗ ಒಂದು’ ಎಂದು ಮುಂದಿನ ಮನೆಗೆ ಒಯ್ಯುತ್ತೇವೆ. ಅದನ್ನು ಮರೆತರೆ ಲೆಕ್ಕವೆಲ್ಲ ತಪ್ಪು. ಮೇಷ್ಟ್ರು ಹೇಳಿಕೊಟ್ಟಾಗ ನಾನು ನಿಜವಾಗಿಯೂ ಮುಷ್ಟಿ ಬಿಗಿಹಿಡಿದಿದ್ದೆ.

*

ನಮ್ಮ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಅಮೋಘವರ್ಷ ಆಳುತ್ತಿದ್ದಾಗ, 850ರ ಸುಮಾರಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಒಲವಿನಿಂದ ಅಡುಗೆಯವರೆಗೆ, ನಾಟಕದಿಂದ ಗ್ರಹಣದವರೆಗೆ ಗಣಿತವಿಲ್ಲದ ಜಾಗವಿಲ್ಲವೆಂದು ಕಂಡವರು ಅವರು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ ಮೊದಲಿಗರಲ್ಲಿ ಒಬ್ಬರು. ಸೊನ್ನೆಗಿಂತ ಕಡಿಮೆಯಾದದ್ದಕ್ಕೆ ಸಾಲದ ಹೆಸರನ್ನೇ ಇಟ್ಟ ಭಾಷೆಯಲ್ಲಿ ಅವರು ಬರೆಯುತ್ತಿದ್ದರು: ಇದ್ದದ್ದು ಧನ, ಇಲ್ಲದ್ದು ಋಣ.

*

ಗಣಿತದಲ್ಲಿ ಋಣವನ್ನು ಋಣದಿಂದ ಗುಣಿಸಿದರೆ ಧನ. ಬ್ಯಾಂಕಿನ ಸಾಲ ತೀರಿಸಲು ಸಾವಕಾರನ ಸಾಲ, ಸಾವಕಾರನದು ತೀರಿಸಲು ಚಿನ್ನದ ಸಾಲ ಮಾಡಿದ ಮನೆಗಳನ್ನು ಬಲ್ಲೆ. ಅಲ್ಲಿ ಈ ಸೂತ್ರ ನಡೆದದ್ದನ್ನು ನೋಡಿಲ್ಲ.

*

ಪಹಣಿಯ 9ನೇ ಕಾಲಂನಲ್ಲಿ ಒಡೆಯನ ಹೆಸರು. 11ರಲ್ಲಿ ಋಣ. ಮಗನಿಗೆ ಹೊಲ ತೋರಿಸುವ ಅಪ್ಪ ಮೊದಲು 9 ತೋರಿಸುತ್ತಾನೆ. ಮಗ ಓದು ಕಲಿತ ಮೇಲೆ ತಾನಾಗಿಯೇ 11ನ್ನು ಓದಿಕೊಳ್ಳುತ್ತಾನೆ.

*

ಆದರೆ ಅದೇ ಋಣ ಎಂಬ ಮಾತು ಊಟದ ಮನೆಗೆ ಬಂದಾಗ ಎಷ್ಟು ಹಗುರಾಗುತ್ತದೆ. ‘ನಿಮ್ಮ ಮನೀ ಅನ್ನದ ಋಣ ಇತ್ರಿ’ ಎಂದು ನಕ್ಕು ಹೋದವರಿದ್ದಾರೆ. ತೀರಿಸಬೇಕಾದ ಋಣ ಮನುಷ್ಯರನ್ನು ದೂರ ಮಾಡುತ್ತದೆ. ತೀರಿಸಲಾಗದ್ದು ಹತ್ತಿರ ತರುತ್ತದೆ.

*

ರೂಪಾಯಿಗೆ ಹದಿನಾರು ಆಣೆ ಇದ್ದದ್ದು 1957ರ ಏಪ್ರಿಲ್‌ಗೆ ಮುಗಿಯಿತು. ಬೆಳೆಯನ್ನು ಮಾತ್ರ ನಾವು ಇನ್ನೂ ಆಣೆಯಲ್ಲೇ ಅಳೆಯುತ್ತೇವೆ: ಹದಿನಾರಾಣೆ ಬೆಳಿ, ಎಂಟಾಣೆ ಬೆಳಿ. ನಾಲ್ಕಾಣೆಯ ನಾಣ್ಯ 2011ರಲ್ಲಿ ಚಲಾವಣೆಯಿಂದ ಹೋಯಿತು. ನಾಲ್ಕಾಣೆಯ ಬೆಳೆ ಹೋಗಲಿಲ್ಲ.

*

ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರು. ಎರಡು ಕೊಡ ಎಂದಿಟ್ಟುಕೊಳ್ಳಿ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಅಣೆಕಟ್ಟುಗಳಿಂದ ಬಿಟ್ಟ ನೀರು ಸೊನ್ನ ಬ್ಯಾರೇಜು ದಾಟಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿದಾಗ ಟಿವಿಯಲ್ಲಿ ಲಕ್ಷ ಲಕ್ಷ ಕ್ಯೂಸೆಕ್ ಎನ್ನುತ್ತಿದ್ದರು. ದಂಡೆಯ ಜನ ಗುಡಿಯ ಮೆಟ್ಟಿಲು ಎಣಿಸುತ್ತಿದ್ದರು. ಇನ್ನು ಎಷ್ಟು ಉಳಿದವು ಎಂದು ಕೆಳಗಿನಿಂದಲ್ಲ, ಮೇಲಿನಿಂದ. ದೊಡ್ಡ ಅಂಕಿ ಭಯವನ್ನು ಹೇಳುತ್ತದೆ, ಓಡಬೇಕಾದ ಹೊತ್ತನ್ನು ಹೇಳುವುದಿಲ್ಲ. ಎಷ್ಟು ಕ್ಯೂಸೆಕ್‌ಗೆ ಯಾವ ಮೆಟ್ಟಿಲು ಎಂದು ಪ್ರತಿ ಊರಿನ ಗುಡಿಯ ಕಂಬಕ್ಕೆ ಬಣ್ಣದಲ್ಲಿ ಬರೆದಿಡಬೇಕು ಎನ್ನುವುದು ಅಂದಿನಿಂದ ನನ್ನ ಆಸೆ.

*

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನಿಟ್ಟು ರಾಜ್ಯದ ತಾಲೂಕುಗಳನ್ನು ಅಳೆಯಿತು. ರಾಜ್ಯದ ಸರಾಸರಿ 1. ಅತ್ಯಂತ ಹಿಂದುಳಿದವೆಂದು ನಿಂತವು 39. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿ ಇವೆ. ಆ ಪಟ್ಟಿ ನೋಡಿ ನಾಚಿದವರಿದ್ದಾರೆ. ನನಗೆ ಅದು ಸಮಾಧಾನ ಕೊಟ್ಟಿತು. ಅಷ್ಟು ವರ್ಷ ನಾವು ಲೆಕ್ಕಕ್ಕೇ ಇರಲಿಲ್ಲ. ಎಷ್ಟು ಕಡಿಮೆ ಎಂದು ಅಳೆಯಲು ಕೂಡ ಒಬ್ಬರು ಹತ್ತಿರ ಬರಬೇಕು. ಹತ್ತು ವರ್ಷದ ನಂತರ, ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಬಂದಾಗ ಆ ಅಂಕಿಗಳೂ ನಮ್ಮ ಪರವಾಗಿ ಸಾಕ್ಷಿ ನುಡಿದಿದ್ದವು.

*

ಅಳೆದದ್ದೇ ಕೊಟ್ಟಂತೆ ಅಲ್ಲ. ಅಳತೆಗೋಲು ಹಿಡಿದು ಬಂದವರಿಗೆ ನಾವು ಪ್ರತಿ ಸಲವೂ ಚಹಾ ಮಾಡಿ ಕೊಟ್ಟಿದ್ದೇವೆ.

*

ಜನಗಣತಿಯ ಹಾಳೆಯಲ್ಲಿ ಮಾತೃಭಾಷೆಗೆ ಒಂದೇ ಮನೆ. ಮನೆಯಲ್ಲಿ ಲಂಬಾಣಿ, ಹೊಲದಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ಬೀಗರ ಜೊತೆ ಮರಾಠಿ ಆಡುವ ಆಳಂದದ ಹೆಂಗಸು ಆ ಮನೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾಳೆ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಎಳೆದದ್ದು ಇಂಥ ಮನೆಗಳನ್ನು ಕೂಡಿಸಿಯೇ. ಕನ್ನಡ ಹೆಚ್ಚು ಬಂದಾಗ ನಾವು ಈಚೆ ಉಳಿದೆವು. ನಮ್ಮ ಹಾಗೆಯೇ ಕನ್ನಡ ಆಡುವ ಅಕ್ಕಲಕೋಟೆ ಆಚೆ ಉಳಿಯಿತು. 1967ರಲ್ಲಿ ಮಹಾಜನ ಆಯೋಗ ಮತ್ತೆ ಎಣಿಸಿ ಅದು ಈಚೆ ಬರಬೇಕೆಂದಿತು. ಬರಲಿಲ್ಲ. ಹೆಣ್ಣು ಕೊಟ್ಟು ತರುವುದು ನಿಂತಿಲ್ಲ.

*

ಚಿಕ್ಕ ತಂಗಿಯನ್ನು ಆಟಕ್ಕೆ ಸೇರಿಸಿಕೊಳ್ಳುವಾಗ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎನ್ನುತ್ತೇವೆ. ಔಟಾದರೂ ಅವಳು ಆಡಬಹುದು. ಇದರಷ್ಟು ಮೃದುವಾದ ಕಾನೂನು ನಾನು ಬೇರೆ ಕಂಡಿಲ್ಲ. ಅದೇ ತಂಗಿ ಬೆಳೆದು ಹೊಲದ ಪಾಲಿನ ದಿನ ಅಣ್ಣಂದಿರ ಮುಂದೆ ಕೂತಾಗ ಅದೇ ಮಾತು ಎಷ್ಟು ಒರಟಾಗುತ್ತದೆ.

*

ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ‘ಕೋಯ್ತಾ’. ಮಹಾರಾಷ್ಟ್ರದ ಮಾತು, ಕೋಯ್ತಾ ಎಂದರೆ ಕುಡಗೋಲು. ಕಡಿಯುವವನು ಅವನು. ಸಿಪ್ಪೆ ಸುಲಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸುವವಳು ಅವಳು. ಮುಕಾದಮನ ಪುಸ್ತಕದಲ್ಲಿ ಹೆಸರು ಅವನದು, ಉಚಲು ಎಂಬ ಮುಂಗಡ ಅವನ ಕೈಗೆ. ಎರಡನ್ನು ಒಂದು ಎಂದು ಬರೆದಾಗ ಯಾವ ಒಂದು ಉಳಿಯಿತು, ಯಾವುದು ಹೋಯಿತು ಎಂದು ಆ ಪುಸ್ತಕವನ್ನು ಯಾರೂ ಕೇಳುವುದಿಲ್ಲ.

*

ಮುತ್ಯಾ ಮತ್ತು ಆಯಿ ಕೆಲವು ಹಂಗಾಮು ಭೀಮೆಯ ದಂಡೆಯ ಹೊಲಗಳಿಗೆ ಕಬ್ಬಿನ ಕೆಲಸಕ್ಕೆ ಹೋಗುತ್ತಿದ್ದರು. ನಸುಕಿಗೆ ಹೋಗಿ ಕತ್ತಲಿಗೆ ಬರುತ್ತಿದ್ದರು. ಆಯಿ ತೀರಿದ ವರ್ಷ ಮನೆಗೆ ಸುಣ್ಣ ಹೊಡೆಸಲು ಹೊರಟೆವು. ಹಾಲಿನ ಗೀಟು, ಉದ್ರಿಯ ಗೀಟು ಗುರುತು ಸಿಕ್ಕವು. ಕದದ ಹಿಂದೆ, ಕೂತರೆ ಕೈಗೆಟಕುವ ಎತ್ತರದಲ್ಲಿ, ಇನ್ನೊಂದು ಉದ್ದನೆಯ ಸಾಲಿತ್ತು. ಯಾವುದರದೆಂದು ನಮಗೆ ತಿಳಿಯಲಿಲ್ಲ. ಅತ್ತಿ ಬಗ್ಗಿ ನೋಡಿ ಹೇಳಿದಳು: ‘ಕಬ್ಬಿನ ಹಾಜರಿ ಅದು. ಅಪ್ಪಂದು ಬುಕ್ಕಿನ್ಯಾಗ ಇರ್ತಿತ್ತು. ಅವ್ವ ತಂದು ತಾನೇ ಬರಕೊಂಡಾಳ.’

ನೆಲಕ್ಕೆ ಕೂತು ಬೆರಳಿಟ್ಟು ಎಣಿಸತೊಡಗಿದೆ. ಲಾಭ, ಎರಡು, ಮೂರು. ನೂರಾ ಹದಿನಾರರ ಆಚೆ ಗೀಟುಗಳು ಒಲೆಯ ಮಸಿಯಲ್ಲಿ ಮುಚ್ಚಿಹೋಗಿದ್ದವು. ಸುಣ್ಣದವನು ಹೊರಗೆ ಬಕೆಟ್ಟು ಹಿಡಿದು ಕಾಯುತ್ತಿದ್ದ. ಆ ಗೋಡೆ ಬಿಟ್ಟು ಉಳಿದದ್ದು ಹೊಡಿ ಎಂದು ಅತ್ತಿ ಒಳಗಿನಿಂದಲೇ ಕೂಗಿ ಹೇಳಿದಳು.